ಬದುವಿನಾಚೆಯ ನಂಜು

ವೈರಸ್ಸಿಗೆ ಕನ್ನಡದಲ್ಲಿ ನಂಜು ಎನ್ನುತ್ತಾರೆ. ಕೃಷಿ ಇಲಾಖೆಯ ಕರಪತ್ರಗಳಲ್ಲಿ ನಂಜುರೋಗ, ವಿಜ್ಞಾನದ ಪುಸ್ತಕಗಳಲ್ಲಿ ನಂಜಾಣು. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು, ಹೈಸ್ಕೂಲಿಗೆ ಕನ್ನಡಕ್ಕೆ ಬಂದ ನಮ್ಮಂಥವರಿಗೆ ಪ್ರತಿ ಶಬ್ದವನ್ನೂ ಎರಡು ಭಾಷೆಯ ತಕ್ಕಡಿಯಲ್ಲಿಟ್ಟು ತೂಗುವ ಚಟ ಬಿದ್ದಿರುತ್ತದೆ. ಉರ್ದುವಿನ ಜಹರ್ ಎಂದರೆ ಕುಡಿದವನನ್ನು ಕೊಂದೇ ಬಿಡುವ ವಿಷ. ನಂಜಿನ ರೀತಿ ಬೇರೆ. ಮುಳ್ಳು ಚುಚ್ಚಿದ ಕಾಲು ನಾಲ್ಕು ದಿನದ ಮೇಲೆ ಬಾತುಕೊಂಡರೆ ನಮ್ಮ ಕಡೆ 'ನಂಜ ಏರೈತಿ' ಎನ್ನುತ್ತಾರೆ. ಎಲ್ಲೋ ಒಂದು ಕಡೆ ಹೊಕ್ಕು, ಕಣ್ಣಿಗೆ ಕಾಣದೆ, ಮೆಲ್ಲಗೆ ಏರುವಂಥದ್ದು ಅದು. ಲ್ಯಾಟಿನ್ ಭಾಷೆಯ ವೈರಸ್ ಎಂಬ ಶಬ್ದಕ್ಕೂ ವಿಷ ಎಂದೇ ಅರ್ಥವಂತೆ. ಆದರೆ ಅದರ ನಡೆಯನ್ನು ಹಿಡಿದದ್ದು ನಮ್ಮ ಹಳ್ಳಿಯವರ ನಂಜು ಎಂದೇ ನಮಗನಿಸುತ್ತದೆ.

2020ರಲ್ಲಿ ಕೊರೊನಾ ಬಂದ ಮೇಲೆ ವೈರಸ್ ಎಂಬ ಮಾತು ಮಕ್ಕಳ ಬಾಯಲ್ಲೂ ಬಂತು. ಆದರೆ ಮನುಷ್ಯ ಮೊಟ್ಟಮೊದಲು ಗುರುತಿಸಿದ ವೈರಸ್ ಗಿಡದ್ದು. ತಂಬಾಕಿನ ಎಲೆಯ ಮೇಲೆ ಹಳದಿ, ಹಸಿರು ಕಲೆ ಮೂಡಿಸುವ ರೋಗವೊಂದಿತ್ತು. 1892ರಲ್ಲಿ ರಷ್ಯಾದ ಇವನೋವ್‌ಸ್ಕಿ ಆ ಎಲೆಯ ರಸವನ್ನು ಬ್ಯಾಕ್ಟೀರಿಯಾ ಕೂಡ ದಾಟಲಾಗದ ಸೋಸಣಿಗೆಯಲ್ಲಿ ಸೋಸಿದ. ಸೋಸಿದ ಮೇಲೂ ಆ ರಸ ರೋಗ ಹಚ್ಚುತ್ತಿತ್ತು. 1898ರಲ್ಲಿ ಹಾಲೆಂಡಿನ ಬೈಯೆರಿಂಕ್ ಇದು ಬ್ಯಾಕ್ಟೀರಿಯಾ ಅಲ್ಲ, ಬೇರೆಯೇ ಬಗೆಯ ಸೋಂಕು ಎಂದು ತಿಳಿದು ವೈರಸ್ ಎಂದು ಕರೆದ. ಹಾಗೆ ನೋಡಿದರೆ ಈ ಶತ್ರುವಿನ ಪರಿಚಯ ಆಸ್ಪತ್ರೆಗಿಂತ ಮೊದಲು ಹೊಲಕ್ಕೆ ಆಯಿತು. ನಾವು ಇಲ್ಲಿ ಹೇಳಹೊರಟಿರುವುದೂ ಹೊಲದ ಮಾತನ್ನೇ.

ನಮ್ಮದು ಗಲಗಲಿ. ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಊರು. ಹೊಳೆಯ ನೀರು ಹತ್ತಿದವರು ಕಬ್ಬು ಹಚ್ಚುತ್ತಾರೆ. ನೀರು ಹತ್ತದ ಎರೆಹೊಲದವರು ಮುಗಿಲು ನೋಡಿ ಬಿತ್ತುವವರು. ನಮ್ಮ ಮನೆತನದ್ದು ಎರಡನೆಯ ಗುಂಪು. ಜೋಳ, ಕಡಲೆ, ತೊಗರಿ ನಮಗೆ ತಲೆಮಾರಿನ ಬೆಳೆಗಳು. ಸೂರ್ಯಕಾಂತಿ ಮಾತ್ರ ಹೊಸ ನೆಂಟ. 1969ರಲ್ಲಿ ಸೋವಿಯತ್ ದೇಶದಿಂದ ಬೀಜ ತರಿಸಿ ನಮ್ಮ ದೇಶದಲ್ಲಿ ಈ ಬೆಳೆಗೆ ನಾಂದಿ ಹಾಡಿದರು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಎಸ್‌ಎಚ್–1 ಎಂಬ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಕೊಟ್ಟಿತು. ಅಲ್ಲಿಂದ ಮುಂದೆ ಉತ್ತರ ಕರ್ನಾಟಕದ ಒಣಭೂಮಿಗೆ ಅದು ಹಬ್ಬಿತು. ಮೂರು, ಮೂರೂವರೆ ತಿಂಗಳಿಗೆ ಕೈಗೆ ಬರುವ ಬೆಳೆ, ಎಣ್ಣೆ ಬೀಜ, ಮಾರಿದರೆ ನಗದು. ಹಿರಿಯರು ಅದನ್ನು ಸೂರ್ಯಪಾನ ಎನ್ನುತ್ತಿದ್ದರು. ನಮ್ಮ ದಾದಿಯ ಬಾಯಲ್ಲಿ ಅದು ಸೂರಜ್‌ಮುಖಿ. ನಮ್ಮ ಮನೆಯ ಎರಡು ಮದುವೆಗಳ ಖರ್ಚು ಈ ಹೂವಿನಿಂದಲೇ ಎದ್ದಿದೆ.

1997 ನಮ್ಮ ಭಾಗದವರಿಗೆ ನೆನಪಿರುವ ವರ್ಷ. ಬಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾದದ್ದು ಆ ವರ್ಷ. ಅದೇ ವರ್ಷ ರಾಜ್ಯದ ಇನ್ನೊಂದು ತುದಿಯಲ್ಲಿ, ಆಗ ಕೋಲಾರ ಜಿಲ್ಲೆಯಲ್ಲಿದ್ದ ಬಾಗೇಪಲ್ಲಿಯ ಕಡೆ ಸೂರ್ಯಕಾಂತಿ ಹೊಲಗಳಲ್ಲಿ ಒಂದು ಹೊಸ ರೋಗ ಕಂಡಿತು. ಎಲೆಯ ಮೇಲೆ ಸುಟ್ಟಂಥ ಕಂದು ಕಲೆ, ಎಲೆ ಒಂದು ಮಗ್ಗುಲಿಗೆ ಸೊಟ್ಟಗಾಗುವುದು, ದೇಟು ಮತ್ತು ಕಾಂಡದ ಮೇಲೆ ಕರಿಗೆರೆ, ಕುತ್ತಿಗೆ ತಿರುಚಿದಂತೆ ವಾಲಿದ ಮೊಗ್ಗು. ಎಳೆಯದರಲ್ಲೇ ರೋಗ ಬಡಿದರೆ ಗಿಡ ಹೂಬಿಡುವ ಮೊದಲೇ ಸಾಯುತ್ತದೆ. ಉಳಿದರೂ ತೆನೆಯಲ್ಲಿ ಜೊಳ್ಳು. ವಿಜ್ಞಾನಿಗಳು ಮೊದಲು ಬೇರೊಂದು ನಂಜಿನ ಮೇಲೆ ಗುಮಾನಿಪಟ್ಟರು. 2000ದ ಸುಮಾರಿಗೆ ಇದು ಟೊಬ್ಯಾಕೊ ಸ್ಟ್ರೀಕ್ ವೈರಸ್ ಎಂದು ಖಚಿತವಾಯಿತು. ಹೆಸರಿನಲ್ಲಿ ತಂಬಾಕು ಇದ್ದರೂ ಅದು ನೂರಾರು ಬಗೆಯ ಗಿಡಗಳಲ್ಲಿ ಬದುಕಬಲ್ಲದು.

ಅದು ನಮ್ಮ ಹೊಲಕ್ಕೆ ಬಲವಾಗಿ ಬಡಿದದ್ದು 2004ರ ಮುಂಗಾರಿನಲ್ಲಿ. ಹೊಲ ನೋಡಿಕೊಳ್ಳುತ್ತಿದ್ದವರು ನಮ್ಮ ಚಾಚಾ. ನಮ್ಮ ನಾಲ್ಕು ಎಕರೆಗೆ ಹತ್ತಿಕೊಂಡು ಗೌಡರೊಬ್ಬರ ಹೊಲ. ನಡುವೆ ಬದು, ಬದುವಿನ ಮೇಲೆ ಒಂದು ಬೇವಿನ ಗಿಡ. ಎರಡೂ ಹೊಲಗಳ ತಲೆಗೆ ಅಡ್ಡವಾಗಿ ಬಂಡಿದಾರಿ. ಆ ಬೇವಿನ ನೆರಳಿನಲ್ಲಿ ಎರಡು ಮನೆಯವರೂ ಬುತ್ತಿ ಬಿಚ್ಚುತ್ತಿದ್ದುದು ನಮ್ಮ ಅಜ್ಜನ ಕಾಲದಿಂದ ನಡೆದುಬಂದ ರೂಢಿ. ಗೌಡರ ಮನೆಯ ಮಜ್ಜಿಗೆ ಇತ್ತ ಬರುತ್ತಿತ್ತು. ನಮ್ಮ ಮನೆಯ ಉಪ್ಪಿನಕಾಯಿ ಅತ್ತ ಹೋಗುತ್ತಿತ್ತು.

ಆ ವರ್ಷ ಚಾಚಾ ಬೀಜವನ್ನು ಹೊಸ ಅಂಗಡಿಯಿಂದ ತಂದಿದ್ದರು. ಬಿತ್ತಿ ತಿಂಗಳೊಪ್ಪತ್ತಿಗೆ ಗಿಡಗಳು ಸುಡತೊಡಗಿದವು. ವಾರದೊಳಗೆ ಗೌಡರ ಹೊಲದಲ್ಲೂ ಅದೇ ಗತಿ. ಒಂದು ಮುಂಜಾನೆ ಗೌಡರು ಬದುವಿನ ಮೇಲೆ ನಿಂತು ಅಂದೇಬಿಟ್ಟರು.

"ಸಾಹೇಬ್ರ, ಎಲ್ಲಿಂದ ತಂದ್ರಿ ಆ ಬೀಜಾ? ನಿಮ್ಮ ಹೊಲದ ರೋಗ ನಮ್ಮ ಹೊಲಕ್ಕ ಹಬ್ಬಿಸಿದ್ರಿ."

ಚಾಚಾರಿಗೆ ಸಿಟ್ಟು ಬಂತು. "ನಮ್ಮ ಬೀಜ ಏನ್ ಹಾರಿ ಬಂದಾವೇನ್ರಿ ಗೌಡ್ರ, ನಿಮ್ಮ ಹೊಲಕ್ಕ? ನೀವ ಹೋದ ವಾರ ಏನೋ ಎಣ್ಣಿ ಹೊಡದ್ರಲ್ಲ, ಅದರ ಗಾಳಿ ನಮ್ಮ ಬೆಳಿಗೆ ಬಡದೈತಿ."

ಮಾತಿಗೆ ಮಾತು ಬೆಳೆಯಿತು. ಮಜ್ಜಿಗೆ ಬರುವುದು ನಿಂತಿತು. ಊರಲ್ಲಿ ಇಂಥದ್ದಕ್ಕೆ ಬಣ್ಣ ಕಟ್ಟುವವರಿಗೆ ಬರವಿಲ್ಲ. ಯಾರೋ ದೃಷ್ಟಿ ಎಂದರು, ಯಾರೋ ಮಾಡಿಸಿದ್ದು ಎಂದರು. ದೃಷ್ಟಿ ಯಾರದು, ಮಾಡಿಸಿದವರು ಯಾರು ಎಂಬುದಕ್ಕೂ ಅವರ ಹತ್ತಿರ ಹೆಸರುಗಳಿದ್ದವು. ಔಷಧಿ ಅಂಗಡಿಯವನಂತೂ ಎರಡೂ ಮನೆಗೆ ಎರಡೆರಡು ಬಾಟಲಿ ಮಾರಿದ. ಅವು ಬೂಷ್ಟು ರೋಗಕ್ಕೆ ಹೊಡೆಯುವ ಔಷಧಿ ಎಂಬುದು ಆಮೇಲೆ ತಿಳಿಯಿತು. ಸಾಲ ಮಾಡಿ ತಂದ ಹಣ ಎಲೆಯ ಮೇಲೆ ಬಿದ್ದು ಒಣಗಿತು.

ಕೊನೆಗೆ ರೈತ ಸಂಪರ್ಕ ಕೇಂದ್ರದಿಂದ ಒಬ್ಬ ಅಧಿಕಾರಿ ಬಂದರು. ವಯಸ್ಸಿನಲ್ಲಿ ಸಣ್ಣವರು. ಅವರು ರೋಗದ ಗಿಡವನ್ನು ಒಂದು ಸಲ ತಿರುಗಿಸಿ ನೋಡಿದವರೇ, ಹೊಲದ ನಡುವಿಗೆ ಹೋಗದೆ ಅಂಚಿನಗುಂಟ ನಡೆಯತೊಡಗಿದರು. ಎರಡೂ ಹೊಲಗಳಲ್ಲಿ ಬಂಡಿದಾರಿಯ ಮಗ್ಗುಲಿನ ಸಾಲುಗಳೇ ಹೆಚ್ಚು ಸತ್ತಿದ್ದವು. ಬದುವಿನ ಕಡೆಗೆ ಬಂದಂತೆ ರೋಗ ಕಡಿಮೆ. ನಾವು ಆ ದಿನ ಅವರ ಹಿಂದೆ ಇದ್ದೆವು. ತಿಂಗಳಿಂದ ಎರಡು ಮನೆಯವರೂ ಬದುವಿನ ಮೇಲೆ ಜಗಳಾಡುತ್ತಿದ್ದರು, ದಾರಿಯ ಕಡೆ ಯಾರೂ ಮುಖ ತಿರುಗಿಸಿರಲಿಲ್ಲ. ದಾರಿಯ ಎರಡೂ ಮಗ್ಗುಲಿಗೆ ಸೊಂಟದೆತ್ತರ ಕಾಂಗ್ರೆಸ್ ಕಸ ಬೆಳೆದು ಬಿಳಿ ಹೂ ಮುಡಿದು ನಿಂತಿತ್ತು.

"ಈ ಕಸ ಯಾರ್ದ್ರೀ?" ಅಧಿಕಾರಿ ಕೇಳಿದರು.

"ಯಾರ್ದೂ ಅಲ್ರಿ. ದಾರಿದು," ಎಂದರು ಗೌಡರು.

ಆ ಕಸದ ಕಥೆಯೂ ದೊಡ್ಡದೇ. ಪಾರ್ಥೇನಿಯಂ ಅದರ ಹೆಸರು, ಅಮೆರಿಕ ಖಂಡ ಅದರ ತವರು. 1955ರ ಸುಮಾರಿಗೆ ಪುಣೆಯಲ್ಲಿ ಅದನ್ನು ಗುರುತಿಸಿದರು. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತು ಎಂಬ ಮಾತು ಜನಜನಿತ. ಒಂದೊಂದು ಗಿಡ ಹತ್ತು ಸಾವಿರಕ್ಕೂ ಮಿಕ್ಕಿ ಬೀಜ ಉದುರಿಸುತ್ತದೆ. ಮೈಗೆ ತಾಗಿದರೆ ಕೆರೆತ, ಮೂಗಿಗೆ ಹೋದರೆ ಉಬ್ಬಸ. ದನ ಬಾಯಿ ಹಾಕುವುದಿಲ್ಲ. ಟೊಬ್ಯಾಕೊ ಸ್ಟ್ರೀಕ್ ವೈರಸ್ ಈ ಗಿಡದೊಳಗೆ ಆರಾಮಾಗಿ ಇರುತ್ತದೆ. ಗಿಡಕ್ಕೆ ರೋಗದ ಒಂದು ಲಕ್ಷಣವೂ ಇಲ್ಲ. ಹಸಿರಾಗಿ ಬೆಳೆದು ಹೂಬಿಡುತ್ತದೆ, ಆ ಹೂವಿನ ಪರಾಗದಲ್ಲಿ ನಂಜು ತುಂಬಿರುತ್ತದೆ.

ಅದನ್ನು ಹೊಲಕ್ಕೆ ತರುವುದು ಥ್ರಿಪ್ಸ್ ಎಂಬ ನುಸಿ. ಒಂದು ಮಿಲಿಮೀಟರಿನಷ್ಟು ಉದ್ದದ, ರೆಕ್ಕೆಯ ಬದಲು ಕುಂಚಗಳಿದ್ದಂತೆ ಕಾಣುವ ಹುಳು. ಕಸದ ಹೂವಿನೊಳಗೆ ಕೂತು ತಿನ್ನುವಾಗ ಪರಾಗ ಅದರ ಮೈಗೆ ಅಂಟುತ್ತದೆ. ಗಾಳಿಗೆ ಸಿಕ್ಕು ಅದು ಸೂರ್ಯಕಾಂತಿಯ ಎಲೆಯ ಮೇಲೆ ಇಳಿಯುತ್ತದೆ. ಗಾಳಿಯೇ ತಂದ ಪರಾಗವೂ ಅದೇ ಎಲೆಯ ಮೇಲೆ ಬಿದ್ದಿರುತ್ತದೆ. ನುಸಿ ಎಲೆಯನ್ನು ಕೆರೆದು ರಸ ಹೀರುವಾಗ ಆಗುವ ಗಾಯದ ಮೂಲಕ ಪರಾಗದಲ್ಲಿದ್ದ ನಂಜು ಗಿಡದ ಒಳಗೆ ಹೋಗುತ್ತದೆ. ನಮ್ಮ ದೇಶದಲ್ಲಿ ಸೂರ್ಯಕಾಂತಿಗೆ ಬರುವ ಈ ನಂಜು ಬೀಜದಿಂದ ಹರಡಿದ್ದಕ್ಕೆ ಪುರಾವೆ ಸಿಕ್ಕಿಲ್ಲ. ಚಾಚಾ ತಂದ ಬೀಜದ ತಪ್ಪೂ ಇರಲಿಲ್ಲ, ಗೌಡರು ಹೊಡೆದ ಎಣ್ಣೆಯ ತಪ್ಪೂ ಇರಲಿಲ್ಲ.

ಈ ಪರಾಗ ಸೂರ್ಯಕಾಂತಿಯನ್ನು ಕಾಡಿದ್ದು ಇದೇ ಮೊದಲಲ್ಲ. ಕಾಂಗ್ರೆಸ್ ಕಸವನ್ನು ತಿನ್ನಿಸಲೆಂದು ಮೆಕ್ಸಿಕೋದಿಂದ ಒಂದು ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ದುಂಬಿ ಕಸವನ್ನು ಚೆನ್ನಾಗಿಯೇ ತಿಂದಿತು. ಆದರೆ ಕೆಲ ವರ್ಷದ ಮೇಲೆ ಅದು ಸೂರ್ಯಕಾಂತಿಯ ಎಲೆಯನ್ನೂ ತಿನ್ನುತ್ತಿದೆ ಎಂದು ಗದ್ದಲವೆದ್ದಿತು. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಗುಟ್ಟು ಹೊರಗಿಟ್ಟರು. ಸೂರ್ಯಕಾಂತಿ ಎಲೆಯ ಮೇಲೆ ಕಸದ ಪರಾಗ ಬಿದ್ದಿದ್ದಾಗ ಅದರ ವಾಸನೆ, ರುಚಿಗೆ ದುಂಬಿ ಮೋಸಹೋಗಿ ಬಾಯಿ ಹಾಕುತ್ತಿತ್ತು. ಆಗಲೂ ದೂರು ಬಂದದ್ದು ದುಂಬಿಯ ಮೇಲೆ. ದಾರಿಯ ಮಗ್ಗುಲಲ್ಲಿ ನಿಂತ ಕಸವನ್ನು ಯಾರೂ ದೂರಲಿಲ್ಲ.

ಇಂಥ ನಂಜು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ನಮ್ಮ ಮಗ್ಗುಲ ಆಂಧ್ರದ ಅನಂತಪುರವೇ ಸಾಕ್ಷಿ. 2000ದ ಮಳೆಗಾಲದಲ್ಲಿ ಇದೇ ಟೊಬ್ಯಾಕೊ ಸ್ಟ್ರೀಕ್ ವೈರಸ್ ಅಲ್ಲಿ ಶೇಂಗಾಕ್ಕೆ ಬಡಿಯಿತು. ಸುಮಾರು 2.25 ಲಕ್ಷ ಹೆಕ್ಟೇರ್ ಬೆಳೆಗೆ ರೋಗ ತಗುಲಿತು. ನಷ್ಟ 300 ಕೋಟಿ ರೂಪಾಯಿಗೂ ಮಿಕ್ಕಿತು ಎಂಬ ಅಂದಾಜಿದೆ. ಅಲ್ಲಿಯೂ ಬೀಡುಭೂಮಿಯ, ದಾರಿ ಬದಿಯ ಕಾಂಗ್ರೆಸ್ ಕಸವೇ ನಂಜಿನ ಮೂಲ. ಮಳೆ ಕೈಕೊಟ್ಟು ಬಿತ್ತನೆಯಾಗದೆ ಉಳಿದ ಹೊಲಗಳಲ್ಲಿ ಕಸ ಹುಲುಸಾಗಿ ಬೆಳೆದಿತ್ತು. ಬಿತ್ತಲಾಗದವನ ಬಡತನ ಬಿತ್ತಿದವನ ಬೆಳೆಗೂ ಮುಳುವಾಯಿತು.

ಹಾಗಾದರೆ ಔಷಧಿ ಹೊಡೆದರೆ ಆಗದೇ ಎಂದು ಓದುಗರು ಕೇಳಬಹುದು. ನಂಜು ಗಿಡದೊಳಗೆ ಹೋದ ಮೇಲೆ ಅದನ್ನು ಹೊರಗೆ ತೆಗೆಯುವ ಔಷಧಿ ರೈತನ ಕೈಯಲ್ಲಿಲ್ಲ. ಹೊಡೆಯುವುದೆಲ್ಲ ಹುಳುವಿಗೆ. ಹುಳುಗಳ ರೀತಿಯೂ ಒಂದೇ ತೆರನಲ್ಲ. ಪಪ್ಪಾಯಿಯ ಉಂಗುರಚುಕ್ಕೆ ನಂಜನ್ನು ತರುವ ಹೇನು ಎಲೆಗೆ ಸೂಜಿಬಾಯಿ ಚುಚ್ಚಿ ರುಚಿ ನೋಡಿದರೆ ಮುಗಿಯಿತು, ಕೆಲವು ಸೆಕೆಂಡುಗಳಲ್ಲಿ ನಂಜು ಅಂಟುತ್ತದೆ, ಅಷ್ಟೇ ಬೇಗ ಇನ್ನೊಂದು ಗಿಡಕ್ಕೆ ದಾಟುತ್ತದೆ. ಔಷಧಿಗೆ ಹೇನು ಸಾಯುವಷ್ಟರಲ್ಲಿ ಅದರ ಕೆಲಸ ಆಗಿಹೋಗಿರುತ್ತದೆ. ಬೆಂಡೆಯ ಹಳದಿ ನರ ರೋಗವನ್ನು ತರುವ ಬಿಳಿನೊಣ ನಿಧಾನಸ್ಥ. ನಂಜು ಅದರ ಹೊಟ್ಟೆ ಸೇರಿ, ರಕ್ತಕ್ಕಿಳಿದು, ಜೊಲ್ಲಿಗೆ ಬರಲು ಹಲವು ಗಂಟೆ ಬೇಕು. ಬಂದ ಮೇಲೆ ಮಾತ್ರ ಹೆಚ್ಚುಕಡಿಮೆ ಸಾಯುವವರೆಗೂ ಹಂಚುತ್ತಲೇ ಇರುತ್ತದೆ.

ಬೆಂಡೆಯ ಆ ರೋಗವೂ ನಮಗೆ ಹಳೆಯ ಪರಿಚಯವೇ. 1924ರಷ್ಟು ಹಿಂದೆಯೇ ಮುಂಬಯಿ ಪ್ರಾಂತದ ಬೆಳೆಗಳಲ್ಲಿ ಅದನ್ನು ಗುರುತಿಸಿ ಬರೆದಿದ್ದಾರೆ. ಆಗ ನಮ್ಮ ಬಿಜಾಪುರ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಹೆಸರಘಟ್ಟದವರು ಆ ರೋಗ ತಾಳುವ ಅರ್ಕಾ ಅನಾಮಿಕ ಎಂಬ ಬೆಂಡೆ ತಳಿ ಕೊಟ್ಟರು. ಅದು ಕೆಲ ವರ್ಷ ತಾಳಿತು, ಆಮೇಲೆ ಅದಕ್ಕೂ ಹಳದಿ ಹತ್ತಿತು. 1999ರಲ್ಲಿ ಕೋಲಾರದ ಕಡೆ ಬಿಳಿನೊಣದ ಹೊಸದೊಂದು, ಹೊರಗಿನಿಂದ ಬಂದ ಬಗೆ ಕಾಣಿಸಿಕೊಂಡು ಟೊಮೆಟೊದ ಎಲೆ ಮುದುಡು ರೋಗ ಜೋರಾಯಿತು. ವಿಜ್ಞಾನಿ ಒಂದು ಬಾಗಿಲು ಮುಚ್ಚುವಷ್ಟರಲ್ಲಿ ಹುಳು ಇನ್ನೊಂದು ಸಂದಿ ಹುಡುಕಿರುತ್ತದೆ. ತೊಗರಿಯದಂತೂ ಇನ್ನೂ ಉದ್ದದ ಕಥೆ. ಅದರ ಗೊಡ್ಡು ರೋಗವನ್ನು 1931ರಲ್ಲಿ ಬಿಹಾರದ ಪೂಸಾದಲ್ಲಿ ವರ್ಣಿಸಿದರು. ಅದಕ್ಕೆ ಕಾರಣವಾದ ನಂಜಾಣು ಕೈಗೆ ಸಿಕ್ಕದ್ದು 2000ದ ಸುಮಾರಿಗೆ. ಅದನ್ನು ಹರಡುವುದು ಜೇಡಗಳ ಬಂಧುವಾದ, ಬರಿಗಣ್ಣಿಗೆ ಕಾಣದ ಒಂದು ಮೈಟ್ ನುಸಿ.

ಆ ರೋಗದ ಹೆಸರು ಕೇಳಿದಾಗಲೆಲ್ಲ ಕಥೆ ಬರೆಯುವ ನಮಗೆ ಸಂಕಟವಾಗುತ್ತದೆ. ರೋಗ ಬಂದ ತೊಗರಿ ಪೊದೆಯಾಗಿ, ಹಸಿರಾಗಿ ನಿಲ್ಲುತ್ತದೆ, ಹೂವಿಲ್ಲ, ಕಾಯಿಲ್ಲ. ಜನ ಅದಕ್ಕೆ ಗೊಡ್ಡು ಎಂದರು. ಅದೇ ಶಬ್ದವನ್ನು ಹಳ್ಳಿಯಲ್ಲಿ ಮಕ್ಕಳಾಗದ ಹೆಣ್ಣಿನ ಮೇಲೂ ಎಸೆಯುತ್ತಾರೆ. ಎಪ್ಪತ್ತು ವರ್ಷ ಆ ಗಿಡದ್ದೇ ದೋಷ ಎಂಬಂತೆ ಹೆಸರು ನಡೆದುಬಂತು. ಅದರ ಎಲೆಯ ಮೇಲೆ ಕೂತಿದ್ದ ನುಸಿಯಾಗಲಿ, ನುಸಿಯೊಳಗಿದ್ದ ನಂಜಾಗಲಿ ಯಾರಿಗೂ ಕಾಣಲಿಲ್ಲ. ಕಾಣದ ಕಾರಣಕ್ಕೆ ಕಾಣುವವರನ್ನು ದೂರುವುದು ಮನುಷ್ಯನ ಹಳೆಯ ರೂಢಿ. 2020ರಲ್ಲಿ ಮನುಷ್ಯರ ನಡುವೆ ರೋಗ ಹಬ್ಬಿದಾಗಲೂ ಅದನ್ನು ಕಂಡೆವು. ಬೆರಳು ತೋರಿಸುವುದಕ್ಕೆ ಒಂದು ಮುಖ ಸಿಕ್ಕಿದರೆ ಸೂಕ್ಷ್ಮದರ್ಶಕ ಯಾರಿಗೂ ಬೇಡವಾಗುತ್ತದೆ.

ಆ ದಿನ ಅಧಿಕಾರಿ ಹೇಳಿದ ಉಪಾಯ ಬಹಳ ಸರಳ. ಹೂಬಿಡುವ ಮೊದಲು ದಾರಿಯ ಕಸ ಕೀಳಬೇಕು. ಬೀಜಕ್ಕೆ ಕೀಟನಾಶಕದ ಉಪಚಾರ ಮಾಡಿ ಬಿತ್ತಿದರೆ ಎಳೆಯ ಗಿಡಕ್ಕೆ ನುಸಿಯ ಕಾಟ ತಪ್ಪುತ್ತದೆ. ಸೂರ್ಯಕಾಂತಿ ಬಿತ್ತುವ ವಾರ ಮೊದಲು ಹೊಲದ ಸುತ್ತ ನಾಲ್ಕಾರು ಸಾಲು ಜೋಳ ಹಾಕಬೇಕು. ಜೋಳ ಬೇಗ ಎತ್ತರಕ್ಕೆ ಬೆಳೆದು ಗೋಡೆಯಂತೆ ನಿಲ್ಲುತ್ತದೆ. ಗಾಳಿಯಲ್ಲಿ ಬರುವ ನುಸಿ ಮೊದಲು ಅದರ ಮೇಲೆ ಇಳಿಯುತ್ತದೆ. ಈ ನಂಜಿಗೆ ಜೋಳದಲ್ಲಿ ಜಾಗವಿಲ್ಲ.

ಜೋಳದ ಮಾತು ಕೇಳಿ ಚಾಚಾ ನಕ್ಕುಬಿಟ್ಟರು. "ನಮ್ಮ ಅಬ್ಬಾ ಜ್ವಾಳ ಇಲ್ಲದ ಒಂದ ಹೊಲಾನೂ ಇಡತಿರಲಿಲ್ರಿ. ನಾವ ರೊಕ್ಕದ ಆಸೆಕ್ಕ ಅಂಚಿನ ತನಕಾ ಸೂರ್ಯಪಾನಾನ ಹಾಕಿದ್ವಿ." ಒಂದೇ ಬೆಳೆಯನ್ನು ಊರಗಲಕ್ಕೆ ಬಿತ್ತುವುದು ನಮ್ಮ ಕಾಲದ ಪದ್ಧತಿ. ಹಿರಿಯರ ಅಕ್ಕಡಿ ಸಾಲುಗಳಲ್ಲಿ ಏಳೆಂಟು ಬೆಳೆ ಕೂಡಿ ಇರುತ್ತಿದ್ದವು. ಅವರಿಗೆ ನಂಜಾಣು ಗೊತ್ತಿರಲಿಲ್ಲ, ಒಂದು ಹೋದರೆ ಇನ್ನೊಂದು ಉಳಿಯಲಿ ಎಂಬ ಲೆಕ್ಕವಿತ್ತು ಅಷ್ಟೇ.

ಮರುವರ್ಷ ಮುಂಗಾರಿನಲ್ಲಿ ಎರಡು ಮನೆಯವರೂ ಕೂಡಿ ಜೋಳದ ಸಾಲು ಹಾಕಿದರು. ಕಸ ಕೀಳುವ ಕೆಲಸ ಮಾತ್ರ ಅಷ್ಟು ಸುಲಭವಾಗಲಿಲ್ಲ. ನಮ್ಮ ಚಾಚಾ ಮತ್ತು ಗೌಡರು ತಮ್ಮ ಹೊಲದ ತಲೆಯವರೆಗೆ ದಾರಿ ಹಸನು ಮಾಡಿದರೆ ಅಲ್ಲಿಂದಾಚೆ ಯಾರು? ದಾರಿ ಮುಂದೆ ಶಾಲೆಯ ಬಯಲಿಗೆ, ಗುಡಿಯ ಹಿತ್ತಲಿಗೆ, ಖಬರಸ್ತಾನಕ್ಕೆ ಹೋಗುತ್ತದೆ. ಎಲ್ಲ ಕಡೆಯೂ ಅದೇ ಬಿಳಿ ಹೂ. ಖಬರಸ್ತಾನದ ಕಸವನ್ನು ಶಬೇ ಬರಾತ್‌ಗೆ ಮುಂಚೆ ಕಿತ್ತು ಹಸನು ಮಾಡುತ್ತಾರೆ. ಗುಡಿಯ ಹಿತ್ತಲನ್ನು ಜಾತ್ರೆಗೆ ಮುಂಚೆ ಬಳಿಯುತ್ತಾರೆ. ಚಂದ್ರನ ಲೆಕ್ಕದ ಶಬೇ ಬರಾತ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಜಾತ್ರೆಗೆ ಅದರದೇ ತಿಥಿ. ಕಸ ಯಾವ ಪಂಚಾಂಗವನ್ನೂ ಕೇಳುವುದಿಲ್ಲ. ಮಳೆ ಬಿದ್ದರೆ ಮೊಳೆಯುತ್ತದೆ, ತಿಂಗಳ ಆಸುಪಾಸಿನಲ್ಲಿ ಹೂಬಿಡುತ್ತದೆ. ಆದ್ದರಿಂದ ಹಬ್ಬ ಜಾತ್ರೆಯ ಲೆಕ್ಕ ಬಿಟ್ಟು ಮಳೆಯ ಲೆಕ್ಕಕ್ಕೆ ಕಸ ಕೀಳಬೇಕು ಎಂದು ಗೌಡರೇ ನಾಲ್ಕು ಜನರನ್ನು ಕೂಡಿಸಿ ಹೇಳಿದರು. ಎರಡು ವರ್ಷ ಆ ಕೆಲಸ ಚೆನ್ನಾಗಿ ನಡೆಯಿತು. ಕೈಗೆ ಚೀಲ ಕಟ್ಟಿಕೊಂಡು, ಮೂಗಿಗೆ ಟಾವೆಲ್ ಸುತ್ತಿಕೊಂಡು ಕೀಳುತ್ತಿದ್ದರು. ಬೆಳೆ ಪೂರ್ತಿ ಉಳಿಯಿತು ಎಂದು ಹೇಳಲಾರೆವು. ಸಾಲ ತೀರಿಸುವಷ್ಟು ಉಳಿಯಿತು. ಮಜ್ಜಿಗೆಯೂ ಮರಳಿ ಬಂತು.

ಆಮೇಲೆ ಊರಿನ ಗಮನ ಬೇರೆಯಾಯಿತು. ನೀರಿನ ಅನುಕೂಲವಾದವರು ಕಬ್ಬಿಗೆ ತಿರುಗಿದರು, ಆಗದವರಲ್ಲಿ ಕೆಲವರು ಗೋವಿನಜೋಳ ಹಿಡಿದರು. ದೇಶದಲ್ಲಿ 1993–94ರಲ್ಲಿ 25 ಲಕ್ಷ ಹೆಕ್ಟೇರಿಗೂ ಹೆಚ್ಚು ಇದ್ದ ಸೂರ್ಯಕಾಂತಿ 2020ರ ಹೊತ್ತಿಗೆ 3 ಲಕ್ಷಕ್ಕೂ ಕೆಳಗೆ ಇಳಿಯಿತು. ಇದಕ್ಕೆಲ್ಲ ನಂಜೊಂದೇ ಕಾರಣ ಎನ್ನುವುದು ಸರಿಯಲ್ಲ. ಹೊರದೇಶದ ಅಗ್ಗದ ಎಣ್ಣೆ, ಸಿಗದ ಬೆಲೆ, ಹಕ್ಕಿಯ ಕಾಟ ಎಲ್ಲವೂ ಸೇರಿವೆ. ಆದರೆ ಬೆಲೆಯ ನಂಬಿಕೆಯಿಲ್ಲದ ರೈತನಿಗೆ ಬೆಳೆಯ ನಂಬಿಕೆಯೂ ಹೋದರೆ ಅವನು ಬಿತ್ತುವುದಿಲ್ಲ. 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಮೇಲೆ ರಷ್ಯಾ ದಾಳಿ ಮಾಡಿತು. ನಮ್ಮ ದೇಶಕ್ಕೆ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಬರುತ್ತಿದ್ದದ್ದು ಆ ಎರಡು ದೇಶಗಳಿಂದಲೇ. ಆ ಏಪ್ರಿಲ್‌ನ ರಂಜಾನಿನಲ್ಲಿ ಇಫ್ತಾರಿನ ಭಜಿಗೆ ಎಣ್ಣೆ ಅಳೆದು ಹಾಕಿದ್ದು ನಮ್ಮ ಮನೆಯ ಹೆಂಗಸರಿಗೆ ಚೆನ್ನಾಗಿ ನೆನಪಿದೆ. ಒಂದು ಕಾಲಕ್ಕೆ ಸೂರಜ್‌ಮುಖಿಯನ್ನು ಗಾಡಿಗಟ್ಟಲೆ ಮಾರಿದ ಮನೆ ಅದು.

ಕಬ್ಬಿಗೆ ಹೋದವರು ನಂಜಿನಿಂದ ಪಾರಾದರು ಎಂದೇನೂ ಇಲ್ಲ. ಕಬ್ಬಿನ ಎಲೆಯನ್ನು ಚಿತ್ತಾರ ಮಾಡುವ ಮೊಸಾಯಿಕ್ ನಂಜನ್ನು ಹೇನುಗಳು ಹರಡುತ್ತವೆ. ಅದಕ್ಕೂ ಮಿಗಿಲಾಗಿ, ಕಬ್ಬನ್ನು ತುಂಡು ನೆಟ್ಟು ಬೆಳೆಯುವುದರಿಂದ ರೋಗದ ಹೊಲದ ತುಂಡು ತಂದವನು ರೋಗವನ್ನೂ ತಂದಿರುತ್ತಾನೆ. ಇಲ್ಲಿ ಗೌಡರು ಬದುವಿನ ಮೇಲೆ ನಿಂತು ಕೇಳಿದ ಪ್ರಶ್ನೆ, ಎಲ್ಲಿಂದ ತಂದ್ರಿ ಬೀಜಾ ಎಂಬುದು, ನಿಜಕ್ಕೂ ಕೇಳಬೇಕಾದ ಪ್ರಶ್ನೆಯೇ. ಒಂದು ಬೆಳೆಯಲ್ಲಿ ಕೇಳಬೇಕಾದದ್ದು ಇನ್ನೊಂದರಲ್ಲಿ ಅನ್ಯಾಯವಾಗುತ್ತದೆ. ಅದಕ್ಕೇ ದೂರುವ ಮೊದಲು ಆ ನಂಜು ಯಾವ ದಾರಿಯಿಂದ ಬಂತು ಎಂಬುದನ್ನು ತಿಳಿಯಬೇಕಾಗುತ್ತದೆ. ತಿಳಿದವರು ಹೋಬಳಿಗೆ ಒಬ್ಬರೋ ಇಬ್ಬರೋ ಇರುತ್ತಾರೆ, ಔಷಧಿ ಅಂಗಡಿಗಳು ಹತ್ತಾರಿರುತ್ತವೆ. ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯವೇ ಆಗಿದೆ. ಅಲ್ಲಿಂದ ಬದುವಿನವರೆಗಿನ ದೂರವನ್ನು ಕಡಿಮೆ ಮಾಡುವ ಕೆಲಸ ಇನ್ನೂ ಬಾಕಿಯಿದೆ.

ಈಗ ಚಾಚಾರ ಮಗ ಆ ಹೊಲದಲ್ಲಿ ಅಷ್ಟಿಷ್ಟು ಬೆಂಡೆ, ಒಂದೆಕರೆ ಸೂರ್ಯಕಾಂತಿ ಹಾಕುತ್ತಾನೆ. ಸುತ್ತ ಜೋಳದ ಸಾಲು ತಪ್ಪಿಸುವುದಿಲ್ಲ. ಗೌಡರ ಮೊಮ್ಮಗನೂ ತನ್ನ ಹೊಲಕ್ಕೆ ಹಾಗೆಯೇ ಮಾಡುತ್ತಾನೆ. ಬಂಡಿದಾರಿ ಅಗಲವಾಗಿ ಟ್ರ್ಯಾಕ್ಟರ್ ದಾರಿಯಾಗಿದೆ. ಅದರ ಎರಡೂ ಮಗ್ಗುಲಿಗೆ ಕಸ ಮತ್ತೆ ಬೆಳೆಯುತ್ತದೆ. ಅದನ್ನು ತೆಗೆಸುವುದು ಪಂಚಾಯಿತಿಯ ಕೆಲಸವೋ ಹೊಲದವರ ಕೆಲಸವೋ ಎಂಬ ಚರ್ಚೆ ಪ್ರತಿ ಮುಂಗಾರಿಗೂ ಚಹಾದ ಅಂಗಡಿಯಲ್ಲಿ ನಡೆಯುತ್ತದೆ. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ, ಚರ್ಚೆ ನಡೆಯಲಿ. ಆದರೆ ಮೊದಲ ಮಳೆಯಾದ ಮೇಲೆ ನಮ್ಮ ಕೈಯಲ್ಲಿರುವುದು ಒಂದು ತಿಂಗಳು ಮಾತ್ರ.